ಹೆಗಲಿಗೆ ಬ್ಯಾಗು, ಕೈಯಲ್ಲಿ ಮಕ್ಕಳು: ಮಂಡ್ಯ–ಮೈಸೂರಿನಿಂದ ಅಂಡಮಾನ್‌ಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಅಂಡಮಾನ್ ಅಂದರೆ ಹೊಸದಾಗಿ ಮದುವೆಯಾದವರು ಹೋಗುವ ಜಾಗ, ಇಲ್ಲವೇ ಟೂರ್ ಏಜೆನ್ಸಿಯ ಪ್ಯಾಕೇಜು. ಮಕ್ಕಳನ್ನು ಕರೆದುಕೊಂಡು, ಹೆಗಲಿಗೆ ಬ್ಯಾಗ್ ಹಾಕಿಕೊಂಡು, ಸರ್ಕಾರಿ ಬಸ್ಸಿನಲ್ಲಿ, ಸರ್ಕಾರಿ ಹಡಗಿನಲ್ಲಿ ಓಡಾಡಿ ಬರಬಹುದು ಅಂದರೆ ಜನ ನಂಬುವುದಿಲ್ಲ. ಖಂಡಿತ ಬರಬಹುದು. ಪಾಸ್‌ಪೋರ್ಟ್ ಬೇಡ, ವೀಸಾ ಬೇಡ, ದುಡ್ಡು ಬದಲಾಯಿಸುವುದು ಬೇಡ. ಬೇಕಾಗಿರುವುದು ಸ್ವಲ್ಪ ಮುಂಚಿನ ತಯಾರಿ, ಮತ್ತು ಎಲ್ಲವನ್ನೂ ನೋಡಿಬಿಡಬೇಕು ಎಂಬ ಆಸೆಗೆ ಕಡಿವಾಣ.

ಈ ಕೊನೆಯ ಮಾತೇ ಇಡೀ ಬರಹದ ತಿರುಳು. ಪ್ಯಾಕೇಜಿನಲ್ಲಿ ಐದಾರು ದಿನಕ್ಕೆ ಮೂರು ನಾಲ್ಕು ದ್ವೀಪ ತುಂಬಿಸುತ್ತಾರೆ. ದಿನಾ ಬೆಳಿಗ್ಗೆ ಬ್ಯಾಗ್ ಕಟ್ಟು, ಟ್ಯಾಕ್ಸಿ ಹತ್ತು, ದೋಣಿ ಹತ್ತು. ನಾಲ್ಕು ಜನರ ಮನೆಯಾದರೆ ಪ್ರತಿ ಓಡಾಟದ ಖರ್ಚೂ ನಾಲ್ಕು ಪಟ್ಟು. ಮಕ್ಕಳಿಗೆ ಮರಳು, ನೀರು, ಮಧ್ಯಾಹ್ನ ಒಂದು ನಿದ್ದೆ ಸಿಕ್ಕರೆ ಸಾಕು, ಹತ್ತು ಜಾಗದ ಹೆಸರು ಅವರಿಗೆ ಬೇಕಾಗಿಲ್ಲ. ಹಾಗಾಗಿ ದ್ವೀಪ ಕಡಿಮೆ ಮಾಡಿ, ದಿನ ಜಾಸ್ತಿ ಮಾಡಿ. ದುಡ್ಡು ತಾನಾಗಿ ಉಳಿಯುತ್ತದೆ.

ಹಂತ 1: ತಿಂಗಳು ಆರಿಸಿ

ಅಂಡಮಾನ್‌ನಲ್ಲಿ ಸಮುದ್ರ ಶಾಂತವಾಗಿ, ನೀರು ತಿಳಿಯಾಗಿ ಇರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮೇ ಮೂರನೇ ವಾರದ ಹೊತ್ತಿಗೆ ಮುಂಗಾರು ಅಲ್ಲಿಗೆ ಬಂದುಬಿಡುತ್ತದೆ, ನಮ್ಮ ನಾಡಿಗಿಂತ ಮೊದಲೇ. ಶಾಲೆಯ ರಜೆ ನೋಡಿದರೆ ನಮಗಿರುವುದು ಎರಡೇ ಅವಕಾಶ: ದಸರಾ ರಜೆ, ಬೇಸಿಗೆ ರಜೆ. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. ದೋಣಿ ರದ್ದಾದರೆ ಮಕ್ಕಳ ಜೊತೆ ಜೆಟ್ಟಿಯಲ್ಲಿ ಕೂರಬೇಕಾಗುತ್ತದೆ. ಅಲ್ಲದೆ ದಸರಾಕ್ಕೆ ಊರಲ್ಲೇ ಇರುವುದು ಚಂದ ಅಲ್ವಾ?

ನನ್ನ ಆಯ್ಕೆ ಏಪ್ರಿಲ್ ಎರಡನೇ ಮತ್ತು ಮೂರನೇ ವಾರ. ಪರೀಕ್ಷೆ ಮುಗಿದಿರುತ್ತದೆ, ಮಳೆ ಬಂದಿರುವುದಿಲ್ಲ. ಸೆಕೆ ಇರುತ್ತದೆ, ನಿಜ. ಮಂಡ್ಯದ ಏಪ್ರಿಲ್ ಬಿಸಿಲು ಕಂಡವರಿಗೆ ಅದು ಹೊಸದೇನಲ್ಲ, ಆದರೆ ಬೆವರು ಜಾಸ್ತಿ. ಇನ್ನೂ ಶಾಲೆಗೆ ಸೇರದ ಮಕ್ಕಳಿದ್ದರೆ ಫೆಬ್ರವರಿಗೆ ಹೋಗಿ, ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಕ್ರಿಸ್‌ಮಸ್ ವಾರ ಮಾತ್ರ ಬೇಡವೇ ಬೇಡ, ಟಿಕೆಟ್ಟೂ ರೂಮೂ ಕೈಗೆ ಎಟುಕುವುದಿಲ್ಲ.

ಹಂತ 2: ವಿಮಾನದ ಟಿಕೆಟ್

ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಇದರದ್ದೇ. ಇಲ್ಲಿ ಉಳಿಸಿದರೆ ಮಾತ್ರ ಉಳಿತಾಯ. ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಬುಕಿಂಗ್ ಮಾಡುವಾಗ ಹಳೇ ಹೆಸರು, ಹೊಸ ಹೆಸರು ಎರಡನ್ನೂ ಹಾಕಿ ಹುಡುಕಿ.

ಬೆಂಗಳೂರಿನಿಂದ ನೇರ ವಿಮಾನ ಇದೆ, ಚೆನ್ನೈನಿಂದಲೂ ಇದೆ. ಎರಡರ ದರವನ್ನೂ ಒಂದೇ ದಿನ ಕೂತು ಹೋಲಿಸಿ. ಬೆಂಗಳೂರಿನಿಂದಾದರೆ ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸೀದಾ ವಿಮಾನ ನಿಲ್ದಾಣಕ್ಕೆ ಬಿಡುತ್ತದೆ. ಮಂಡ್ಯದವರು ರೈಲಿನಲ್ಲಿ ಮೆಜೆಸ್ಟಿಕ್‌ಗೆ ಬಂದು, ಅಲ್ಲಿಂದ ವಾಯುವಜ್ರ ಹತ್ತಬಹುದು. ಬೆಳಗಿನ ಜಾವದ ವಿಮಾನ ಅಗ್ಗವಾಗಿ ಕಾಣುತ್ತದೆ, ಆದರೆ ಅದಕ್ಕಾಗಿ ರಾತ್ರಿ ಟ್ಯಾಕ್ಸಿ ಮಾಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು.

ಚೆನ್ನೈ ದಾರಿಯನ್ನು ನಮ್ಮ ಕಡೆಯವರು ಯೋಚಿಸುವುದೇ ಕಡಿಮೆ, ಆದರೆ ಮಕ್ಕಳಿಗೆ ಅದೇ ಹಿತ. ಕಾವೇರಿ ಎಕ್ಸ್‌ಪ್ರೆಸ್ ರಾತ್ರಿ ಮೈಸೂರಿನಿಂದ ಹೊರಟು ಮಂಡ್ಯದಲ್ಲೂ ನಿಂತು, ಬೆಳಿಗ್ಗೆ ಚೆನ್ನೈ ಸೆಂಟ್ರಲ್ ಮುಟ್ಟಿಸುತ್ತದೆ. ಮಲಗಿಕೊಂಡೇ ಪ್ರಯಾಣ ಮುಗಿಯುತ್ತದೆ. ಸೆಂಟ್ರಲ್‌ನಿಂದ ಮೆಟ್ರೋ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಆಟೋದವರ ಜೊತೆ ಚೌಕಾಸಿ ಬೇಕಿಲ್ಲ. ರೈಲು ತಡವಾಗುವುದು ಇದ್ದದ್ದೇ. ಆದ್ದರಿಂದ ಹನ್ನೊಂದು ಗಂಟೆಗಿಂತ ಮುಂಚಿನ ವಿಮಾನ ಹಿಡಿಯಬೇಡಿ.

ಎರಡು ವರ್ಷ ತುಂಬಿದ ಮಗುವಿಗೆ ಪೂರ್ತಿ ಸೀಟಿನ ಟಿಕೆಟ್ ಬೇಕು. ಮಕ್ಕಳ ಆಧಾರ್ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ಮರೆಯಬೇಡಿ.

ಚೆನ್ನೈನಿಂದ ಹಡಗಿನಲ್ಲೂ ಹೋಗಬಹುದು. ಸುಮಾರು ಮೂರು ದಿನದ ಸಮುದ್ರಯಾನ. ಚಿಕ್ಕ ಮಕ್ಕಳಿದ್ದರೆ ಆ ಯೋಚನೆ ಬಿಡಿ.

ಹಂತ 3: ಬ್ಯಾಗು

ಚಕ್ರದ ಸೂಟ್‌ಕೇಸ್ ಮನೆಯಲ್ಲೇ ಇರಲಿ. ಜೆಟ್ಟಿಯ ಹಲಗೆ, ದೋಣಿಯ ಏಣಿ, ಮರಳು ದಾರಿ, ಎಲ್ಲ ಕಡೆ ಅದನ್ನು ಹೊರಬೇಕಾದವರು ನೀವೇ. ಎರಡೂ ಕೈ ಖಾಲಿ ಇರಬೇಕು, ಯಾಕೆಂದರೆ ದೋಣಿ ಹತ್ತುವಾಗ ಆ ಕೈಗಳಲ್ಲಿ ಮಕ್ಕಳಿರುತ್ತಾರೆ.

ಮಗುವಿನ ಬ್ಯಾಗಿಗೆ ಎಷ್ಟು ತೂಕ? ಇದಕ್ಕೆ ಹೊಸ ಲೆಕ್ಕ ಬೇಡ. ನಮ್ಮ ಶಿಕ್ಷಣ ಇಲಾಖೆ ಶಾಲಾ ಬ್ಯಾಗಿಗೆ ಮಿತಿ ಹಾಕಿದೆ: 1–2ನೇ ತರಗತಿಗೆ ಎರಡು ಕೆಜಿ ಒಳಗೆ, 3–5ಕ್ಕೆ ಮೂರು ಕೆಜಿ ಒಳಗೆ, 6–8ಕ್ಕೆ ನಾಲ್ಕು ಕೆಜಿ ಒಳಗೆ. ಪ್ರವಾಸಕ್ಕೂ ಅದೇ ಮಿತಿ ಇಡಿ. ತನ್ನ ಟೋಪಿ, ಟವೆಲ್, ನೀರಿನ ಬಾಟಲಿ, ಒಂದು ಜೊತೆ ಬಟ್ಟೆ, ಬಣ್ಣದ ಪೆನ್ಸಿಲ್ ಇಷ್ಟನ್ನು ಮಗುವೇ ಹೊರಲಿ. ಅದಕ್ಕೊಂದು ಜವಾಬ್ದಾರಿ ಬರುತ್ತದೆ.

ದೊಡ್ಡವರಿಗೆ ತಲಾ ಏಳೆಂಟು ಕೆಜಿ ಸಾಕು. ಮೂರು ಜೊತೆ ಬಟ್ಟೆ ತೆಗೆದುಕೊಂಡು, ಸಂಜೆ ಒಗೆದು ಹಾಕಿ. ಹತ್ತಿಗಿಂತ ಬೇಗ ಒಣಗುವ ತೆಳು ಬಟ್ಟೆ ಒಳ್ಳೆಯದು, ಅಲ್ಲಿನ ತೇವಕ್ಕೆ ಜೀನ್ಸ್ ಒಣಗುವುದೇ ಇಲ್ಲ. ಎಲ್ಲರಿಗೂ ತುಂಬುತೋಳಿನ ಈಜುಬಟ್ಟೆ ಇರಲಿ, ಸನ್‌ಸ್ಕ್ರೀನ್‌ಗೆ ಸುರಿಯುವ ದುಡ್ಡಿನಲ್ಲಿ ಅರ್ಧ ಉಳಿಯುತ್ತದೆ. ಹವಳದ ಚೂರು ಕಾಲು ಕೊಯ್ಯುತ್ತದೆ, ಆದ್ದರಿಂದ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಅಥವಾ ಹಳೇ ಕ್ಯಾನ್ವಾಸ್ ಶೂ ಬೇಕೇ ಬೇಕು. ಒಂದು ಟಾರ್ಚು, ಬಟ್ಟೆ ಹಗ್ಗ, ನಾಲ್ಕೈದು ದಪ್ಪ ಪ್ಲಾಸ್ಟಿಕ್ ಚೀಲ. ಪವರ್‌ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು.

ಊಟದ ಗಂಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮಕ್ಕಳು ಹೊಸ ಊರಲ್ಲಿ ಮೊದಲ ಎರಡು ದಿನ ಸರಿಯಾಗಿ ತಿನ್ನುವುದಿಲ್ಲ. ರಾಗಿ ಹುರಿಹಿಟ್ಟು ಮತ್ತು ಮಂಡ್ಯದ ಬೆಲ್ಲದ ಪುಡಿ ಬೆರೆಸಿಟ್ಟುಕೊಂಡರೆ, ಒಂದು ಲೋಟ ಬಿಸಿ ಹಾಲಿನಲ್ಲಿ ತಿಂಡಿ ತಯಾರು. ತೆಳು ಅವಲಕ್ಕಿಗೆ ಒಗ್ಗರಣೆ ಹಾಕಿ ಒಣಗಿಸಿಕೊಂಡರೆ ವಾರ ಇರುತ್ತದೆ. ಚಟ್ನಿಪುಡಿ ಇದ್ದರೆ ಎಂಥ ಸಪ್ಪೆ ಅನ್ನವೂ ಇಳಿಯುತ್ತದೆ. ಕೋಡುಬಳೆ, ನಿಪ್ಪಟ್ಟು ದೋಣಿ ಕಾಯುವ ಹೊತ್ತಿಗೆ. ಆದರೆ ಒಣ ಕೊಬ್ಬರಿ ಗಿಟುಕು ಹಾಕಬೇಡಿ. ಅದರ ಎಣ್ಣೆ ಬೇಗ ಹೊತ್ತಿಕೊಳ್ಳುವಂಥದ್ದು, ವಿಮಾನದ ಲಗೇಜಿನಲ್ಲಿ ಅದನ್ನು ಬಿಡುವುದಿಲ್ಲ. ಉಪ್ಪಿನಕಾಯಿ, ತುಪ್ಪ ಇದ್ದರೆ ಕೈಬ್ಯಾಗಿನಲ್ಲಿ ಬೇಡ, ಚೆಕ್-ಇನ್ ಬ್ಯಾಗಿಗೆ ಹಾಕಿ.

ಹಂತ 4: ಊರಲ್ಲೇ ಅಭ್ಯಾಸ

ಹೊರಡುವ ಮುಂಚಿನ ಭಾನುವಾರಗಳಲ್ಲಿ, ಕಟ್ಟಿದ ಬ್ಯಾಗನ್ನೇ ಹೊತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ಪೂರ್ತಿ ಬೇಡ, ದೊಡ್ಡ ನಂದಿಯವರೆಗೆ ಸಾಕು. ಮಂಡ್ಯದವರಿಗೆ ಮೇಲುಕೋಟೆಯ ಯೋಗನರಸಿಂಹಸ್ವಾಮಿ ಬೆಟ್ಟ, ಶ್ರೀರಂಗಪಟ್ಟಣದವರಿಗೆ ಕರಿಘಟ್ಟ ಇದೆ. ಯಾವ ಬ್ಯಾಗಿನ ಪಟ್ಟಿ ಹೆಗಲು ಕೊರೆಯುತ್ತದೆ, ಯಾವ ಚಪ್ಪಲಿ ಕಚ್ಚುತ್ತದೆ, ಯಾವ ಸಾಮಾನು ಸುಮ್ನೆ ಭಾರ, ಎಲ್ಲ ಅಲ್ಲೇ ತಿಳಿದುಬಿಡುತ್ತದೆ.

ಈಜು ಬಾರದ ಮಗುವಿಗೆ ನೀರಿನಲ್ಲಿ ಮುಖ ಮುಳುಗಿಸಿ ಉಸಿರು ಬಿಡುವುದು, ಮಲಗಿ ತೇಲುವುದು ಇವೆರಡನ್ನು ಈಜುಕೊಳದಲ್ಲಿ ಕಲಿಸಿಕೊಂಡು ಹೋಗಿ. ಮೈಸೂರಿನವರಿಗೆ ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳ ಇದೆ. ನಾಲೆಯಲ್ಲಿ, ಹೊಳೆಯಲ್ಲಿ ಕಲಿಸುವ ಸಾಹಸ ಬೇಡ.

ಹಂತ 5: ದಿನಗಳನ್ನು ಹಂಚಿ

ಎಂಟು ರಾತ್ರಿ ಸಿಕ್ಕರೆ ಹೀಗೆ ಹಂಚಿಕೊಳ್ಳಿ: ಪೋರ್ಟ್ ಬ್ಲೇರ್ ಒಂದು, ಸ್ವರಾಜ್ ದ್ವೀಪ ಎರಡು, ಶಹೀದ್ ದ್ವೀಪ ನಾಲ್ಕು, ಮತ್ತೆ ಪೋರ್ಟ್ ಬ್ಲೇರ್ ಒಂದು. ಆ ಕೊನೆಯ ರಾತ್ರಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ವಿಮಾನದ ದಿನವೇ ದ್ವೀಪದಿಂದ ದೋಣಿಯಲ್ಲಿ ಬರುತ್ತೇನೆ ಅಂದುಕೊಂಡು, ಸಮುದ್ರ ಕೆಟ್ಟು ದೋಣಿ ನಿಂತರೆ, ನಾಲ್ಕು ವಿಮಾನ ಟಿಕೆಟ್ ನೀರುಪಾಲು.

ಎಲ್ಲರೂ ಸ್ವರಾಜ್‌ನಲ್ಲಿ ಜಾಸ್ತಿ ದಿನ ಇರುತ್ತಾರೆ. ಕುಟುಂಬಕ್ಕೆ ಶಹೀದ್ ದ್ವೀಪವೇ ಮೇಲು. ಚಿಕ್ಕದು, ಚಪ್ಪಟೆ, ವಾಹನ ಕಡಿಮೆ. ಬಾಡಿಗೆ ಸೈಕಲ್ಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿಬರಬಹುದು. ಅಂಡಮಾನ್‌ಗೆ ತರಕಾರಿ ಬೆಳೆದುಕೊಡುವ ದ್ವೀಪ ಅದು, ಬಂಗಾಳದಿಂದ ಬಂದು ನೆಲೆಸಿದ ರೈತ ಕುಟುಂಬಗಳ ಊರು. ಭತ್ತದ ಗದ್ದೆ, ಬಾಳೆ, ಅಡಿಕೆ ದಾಟಿಕೊಂಡು ಹೋದರೆ ಎದುರಿಗೆ ನೀಲಿ ಸಮುದ್ರ. ಮಂಡ್ಯದ ಮಕ್ಕಳಿಗೆ ಗದ್ದೆ ಗೊತ್ತು, ಸಮುದ್ರವೂ ಗೊತ್ತಿರಬಹುದು. ಎರಡೂ ಒಂದೇ ಬದುವಿಗೆ ಅಂಟಿಕೊಂಡಿರುವುದನ್ನು ನೋಡಿ ಅವು ಕುಣಿಯುತ್ತವೆ.

ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ ಪಟ್ಟಿಯಲ್ಲಿ ಬೇಡ. ನಡುರಾತ್ರಿ ಕಳೆದ ಮೇಲೆ ಮಕ್ಕಳನ್ನು ಎಬ್ಬಿಸಿ ಜಿರ್ಕಾಟಾಂಗ್ ಗೇಟಿನಲ್ಲಿ ವಾಹನಗಳ ಸಾಲಿಗೆ ಕಾಯಬೇಕು. ಆ ರಸ್ತೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡಿನ ನಡುವೆ ಹೋಗುತ್ತದೆ. ಅವರ ಫೋಟೋ ತೆಗೆಯುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಮನುಷ್ಯರನ್ನು ಕಿಟಕಿಯಿಂದ ಇಣುಕಿ ನೋಡುವ ಪ್ರವಾಸವನ್ನು ನಮ್ಮ ಮಕ್ಕಳಿಗೆ ಕಲಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 6: ದೋಣಿ

ದ್ವೀಪಗಳ ನಡುವೆ ಎರಡು ಬಗೆ. ಸರ್ಕಾರಿ ದೋಣಿ ಫೀನಿಕ್ಸ್ ಬೇ ಜೆಟ್ಟಿಯಿಂದ ಹೊರಡುತ್ತದೆ. ಸ್ವರಾಜ್ ದ್ವೀಪಕ್ಕೆ ಸುಮಾರು ಎರಡೂವರೆ ಗಂಟೆ. ದರ ತುಂಬಾ ಕಡಿಮೆ, ಡೆಕ್ ಮೇಲೆ ನಿಂತು ಗಾಳಿ ಕುಡಿಯಬಹುದು, ಹಾರುಮೀನು ಕಂಡರೆ ಮಕ್ಕಳಿಗೆ ಹಬ್ಬ. ಆದರೆ ಅಲ್ಲಿನ ನಿವಾಸಿಗಳಿಗೆ ಮೊದಲ ಆದ್ಯತೆ, ಅದು ನ್ಯಾಯವೇ. ಟಿಕೆಟ್ ಸಿಗುವುದು ಕಷ್ಟ. ಖಾಸಗಿ ದೋಣಿ ಹವಾನಿಯಂತ್ರಿತ, ಒಂದೂವರೆ ಗಂಟೆ, ತಲೆಗೆ ಸಾವಿರದ ಮೇಲೆ.

ನನ್ನ ಸಲಹೆ: ಹೋಗುವಾಗ ಸರ್ಕಾರಿ ದೋಣಿಗೆ ಪ್ರಯತ್ನಿಸಿ, ಆನ್‌ಲೈನಿನಲ್ಲಿ ಟಿಕೆಟ್ ಬಿಟ್ಟ ಕೂಡಲೇ. ಪೋರ್ಟ್ ಬ್ಲೇರ್‌ಗೆ ವಾಪಸ್ ಬರುವ ದೋಣಿಯನ್ನು ಮಾತ್ರ ಖಾಸಗಿಯಲ್ಲಿ ಮೊದಲೇ ಗಟ್ಟಿ ಮಾಡಿಕೊಳ್ಳಿ. ಬೆಳಗಿನ ದೋಣಿಯೇ ಇರಲಿ, ಸಾಮಾನ್ಯವಾಗಿ ಆಗ ಸಮುದ್ರ ಶಾಂತ.

ವಾಂತಿ ಆಗುವ ಮಕ್ಕಳಿಗೆ ಮಕ್ಕಳ ಡಾಕ್ಟರನ್ನು ಊರಲ್ಲೇ ಕೇಳಿ, ಮಾತ್ರೆ ಬರೆಸಿಕೊಂಡು ಹೋಗಿ. ದೋಣಿಯ ನಡುಭಾಗದಲ್ಲಿ, ಕೆಳಗಿನ ಸಾಲಿನಲ್ಲಿ ಕೂರಿಸಿ. ಹೊಟ್ಟೆ ಪೂರ್ತಿ ಖಾಲಿ ಬೇಡ, ತುಂಬಾ ಬಿರಿಯುವಷ್ಟೂ ಬೇಡ. ಮೊಬೈಲ್ ಕೊಡಬೇಡಿ, ದೂರದ ದಿಗಂತ ನೋಡಲಿ.

ಹಂತ 7: ರೂಮು, ಊಟ, ಕೈಕಾಸು

ಕಡಲಿಗೆ ಮುಖ ಮಾಡಿದ ರೆಸಾರ್ಟಿಗೆ ದುಡ್ಡು ಕೊಡಬೇಡಿ. ಕಡಲು ಎಲ್ಲರದ್ದು, ನಡೆದುಹೋದರಾಯಿತು. ಬಜಾರಿನ ಹತ್ತಿರದ ಮನೆವಾಸದಲ್ಲಿ ರೂಮು ಹಿಡಿಯಿರಿ. ನಾಲ್ಕು ಜನಕ್ಕೆ ಒಂದೇ ರೂಮು, ಒಂದು ಹೆಚ್ಚುವರಿ ಹಾಸಿಗೆ. ದಿನಕ್ಕೆ 1500 ರೂಪಾಯಿ ಎಂಬ ಗೆರೆ ಹಾಕಿಕೊಂಡು ಹುಡುಕಿ. ಮೊದಲ ರಾತ್ರಿಯದ್ದನ್ನು ಮಾತ್ರ ಮುಂಗಡ ಕಟ್ಟಿ, ನೋಡಿ ಇಷ್ಟವಾದರೆ ನಾಲ್ಕು ರಾತ್ರಿಗೆ ಒಟ್ಟಿಗೆ ದರ ಮಾತಾಡಿ. ಒಂದೇ ಕಡೆ ಇರುವುದರ ಲಾಭ ಇದೇ. ರೂಮು ಹಿಡಿಯುವ ಮುಂಚೆ ನೋಡಬೇಕಾದ್ದು ಸೊಳ್ಳೆಪರದೆ, ಕಿಟಕಿಯ ಜಾಲರಿ, ಕುಡಿಯುವ ನೀರು.

ಊಟಕ್ಕೆ ಅನ್ನ, ಬೇಳೆ, ಪಲ್ಯದ ತಟ್ಟೆ ಎಲ್ಲ ಕಡೆ ಸಿಗುತ್ತದೆ. ಮೀನು ತಿನ್ನುವವರಿಗೆ ಸುಗ್ಗಿ. ಬಜಾರಿನ ಚಿಕ್ಕ ಹೋಟೆಲಿಗೂ ಕಡಲಂಚಿನ ಹೋಟೆಲಿಗೂ ದರದಲ್ಲಿ ದೊಡ್ಡ ಅಂತರ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರ ಹೋಟೆಲುಗಳಿವೆ, ಇಡ್ಲಿ ದೋಸೆಗೆ ಬರವಿಲ್ಲ. ಎಳನೀರು ಕುಡಿಯಿರಿ, ಮದ್ದೂರಿನ ರುಚಿ ಹುಡುಕಬೇಡಿ.

ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ. ನೆಟ್‌ವರ್ಕ್ ಕೈಕೊಟ್ಟರೆ ಯುಪಿಐ ಕೂಡ ನಿಲ್ಲುತ್ತದೆ. ನಗದನ್ನು ಊರಿನಿಂದಲೇ ತನ್ನಿ. ದಿನಕ್ಕೊಂದು ಲಕೋಟೆ ಮಾಡಿ, ಆ ದಿನದ ಊಟ, ಓಡಾಟದ ದುಡ್ಡು ಅದರಲ್ಲಿಡಿ. ಲೆಕ್ಕವನ್ನು ದೊಡ್ಡ ಮಗುವಿಗೆ ಒಪ್ಪಿಸಿ, ಐಸ್‌ಕ್ರೀಮಿಗೆ ಹಟ ತಾನಾಗಿ ಕಡಿಮೆಯಾಗುತ್ತದೆ.

ಹಂತ 8: ಅಲ್ಲಿಯ ದಿನಚರಿ

ಮೈಸೂರಿಗಿಂತ ಅಂಡಮಾನ್ ಸುಮಾರು 16 ಡಿಗ್ರಿ ಪೂರ್ವಕ್ಕಿದೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಗಡಿಯಾರ ಒಂದೇ, ಆದರೆ ಸೂರ್ಯ ಒಂದು ಗಂಟೆ ಮುಂಚೆ ಹುಟ್ಟಿ, ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಏಪ್ರಿಲ್‌ನಲ್ಲಿ ಬೆಳಗಿನ ಐದಕ್ಕೆಲ್ಲ ಬೆಳಕು, ಸಂಜೆ ಆರಕ್ಕೆ ಕತ್ತಲು. ಹಾಗಾಗಿ ಐದಕ್ಕೆ ಎದ್ದು ಕಡಲಿಗೆ ಹೋಗಿ, ಒಂಬತ್ತೂವರೆಗೆ ವಾಪಸ್. ಬಿಸಿಲಿನ ಹೊತ್ತು ರೂಮಿನಲ್ಲಿ ಊಟ, ನಿದ್ದೆ, ಬಟ್ಟೆ ಒಗೆಯುವುದು. ಮೂರಕ್ಕೆ ಮತ್ತೆ ಹೊರಗೆ.

ಪೋರ್ಟ್ ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲು ನೋಡಲೇಬೇಕು. 1906ರಲ್ಲಿ ಕಟ್ಟಿ ಮುಗಿಸಿದ್ದು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಒಂಟಿ ಕೋಣೆಯ ಬಾಗಿಲಲ್ಲಿ ನಿಂತು, ಎಣ್ಣೆ ಗಾಣ ಎಳೆದ ಕೈದಿಗಳ ವಿಷಯವನ್ನು ಮಕ್ಕಳಿಗೆ ಸರಳವಾಗಿ ಹೇಳಿ. ಕಡಲತೀರಗಳಾದ ಚಿಡಿಯಾ ಟಾಪು, ವಂಡೂರ್‌ಗೆ ಸರ್ಕಾರಿ ಬಸ್ಸಿದೆ, ಟ್ಯಾಕ್ಸಿ ದಂಡ.

ಸ್ವರಾಜ್‌ನಲ್ಲಿ ಜೆಟ್ಟಿಯಿಂದ ರಾಧಾನಗರ ಕಡಲತೀರಕ್ಕೆ ಬಸ್ ಇದೆ. ನಮ್ಮ ಹೊನ್ನಾವರದ ಕಾಸರಕೋಡು, ಪಡುಬಿದ್ರಿಗಳ ಜೊತೆಗೇ 2020ರಲ್ಲಿ ಬ್ಲೂ ಫ್ಲ್ಯಾಗ್ (ಶುಚಿತ್ವ, ಸುರಕ್ಷತೆಗೆ ಸಿಗುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ತೀರ ಅದು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇದ್ದಾರೆ. ಚಿಕ್ಕ ಮಕ್ಕಳಿರುವವರಿಗೆ ಇದು ದೊಡ್ಡ ಸಮಾಧಾನ. ಸಂಜೆಗೆ ಅಲ್ಲಿ, ಬೆಳಿಗ್ಗೆಗೆ ಪೂರ್ವದ ಕಾಲಾಪತ್ಥರ್. ಎಲಿಫೆಂಟ್ ಬೀಚಿಗೆ ಕಾಡುದಾರಿಯಲ್ಲಿ ನಡೆದೂ ಹೋಗಬಹುದು. ಆ ದಿನ ದಾರಿ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ಶಹೀದ್ ದ್ವೀಪದಲ್ಲಿ ಮಕ್ಕಳಿಗೆ ನೀರಾಟಕ್ಕೆ ಭರತ್‌ಪುರ. ಲಕ್ಷ್ಮಣ್‌ಪುರದ ನಿಸರ್ಗವೇ ಕೊರೆದ ಕಲ್ಲಿನ ಸೇತುವೆಯ ಹತ್ತಿರ ಇಳಿತದ ಹೊತ್ತಿಗೆ ಹೋಗಬೇಕು. ನೀರು ಹಿಂದೆ ಸರಿದಾಗ ಬಂಡೆಯ ಗುಂಡಿಗಳಲ್ಲಿ ಏಡಿ, ಸಮುದ್ರಸೌತೆ, ಚಿಕ್ಕ ಮೀನು ಉಳಿದಿರುತ್ತವೆ. ಒಂದು ಪೈಸೆ ಟಿಕೆಟ್ಟಿಲ್ಲದ ಅಕ್ವೇರಿಯಂ ಅದು. ಉಬ್ಬರ ಇಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಮನೆವಾಸದವರನ್ನು ಕೇಳಿಕೊಂಡರೆ, ಮರುದಿನದ ಲೆಕ್ಕ ಮಕ್ಕಳೇ ಹಾಕುತ್ತಾರೆ. ಮುಟ್ಟದೆ, ತುಳಿಯದೆ ನೋಡಬೇಕು.

ಹಂತ 9: ಸುರಕ್ಷತೆ

ಇಲ್ಲಿ ಕಾಸು ನೋಡಬೇಡಿ. ನೀರಿಗಿಳಿದ ಮಗು ನಿಮ್ಮ ಕೈಗೆಟುಕುವ ದೂರದಲ್ಲೇ ಇರಬೇಕು. ಈಜು ಬಂದರೂ ದೋಣಿಯಲ್ಲಿ, ನೀರಿನ ಮೇಲೆ ತೇಲುತ್ತಾ ಹವಳ ನೋಡುವ ಸ್ನಾರ್ಕ್ಲಿಂಗ್‌ನಲ್ಲಿ ಲೈಫ್‌ಜಾಕೆಟ್ ಬೇಕು. ಮಗುವಿನ ಅಳತೆಯದ್ದು ಇಲ್ಲ ಅಂದರೆ ಆ ದೋಣಿ ಹತ್ತಬೇಡಿ. ಕೆಂಪು ಬಾವುಟ ಕಂಡರೆ ನೀರಿಗಿಳಿಯಬೇಡಿ.

ಅಂಡಮಾನ್‌ನ ತೊರೆಗಳಲ್ಲಿ, ಮ್ಯಾಂಗ್ರೋವ್ ಕಾಡಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ತೊರೆ ಬಂದು ಸಮುದ್ರ ಸೇರುವ ಜಾಗದಲ್ಲಿ ಇಳಿಯಬೇಡಿ, ಮುಸ್ಸಂಜೆ ಮೇಲೆ ನೀರಿನ ಹತ್ತಿರ ಬೇಡ. ಎಚ್ಚರಿಕೆ ಫಲಕ ಇದ್ದರೆ ಅದೇ ಕೊನೆಯ ಮಾತು. ಇದು ಭೂಕಂಪದ ವಲಯವೂ ಹೌದು, 2004ರ ಸುನಾಮಿ ಕಂಡ ನೆಲ. ನೆಲ ಜೋರಾಗಿ ನಡುಗಿದರೆ ಸಾಮಾನು ಬಿಟ್ಟು ಎತ್ತರದ ಕಡೆ ನಡೆಯಿರಿ ಎಂದು ಮಕ್ಕಳಿಗೂ ಹೇಳಿಡಿ.

ಮರಳಿನ ನೊಣ ಕಚ್ಚಿದರೆ ದಿನಗಟ್ಟಲೆ ತುರಿಕೆ. ಕಾಲಿಗೆ ಕೊಬ್ಬರಿ ಎಣ್ಣೆ ಸವರಿ, ಬರಿ ಮರಳಿನ ಮೇಲೆ ಕೂರದೆ ಪಂಚೆ ಹಾಸಿ ಕೂರಿ. ಸಂಜೆ ಮೇಲೆ ಮೈತುಂಬ ಬಟ್ಟೆ, ಸೊಳ್ಳೆ ಮುಲಾಮು. ಓಆರ್‌ಎಸ್, ಜ್ವರದ ಸಿರಪ್, ಬ್ಯಾಂಡೇಜ್ ಕೈಬ್ಯಾಗಿನಲ್ಲಿ. ಎರಡೂ ದ್ವೀಪಗಳಲ್ಲಿ ಸರ್ಕಾರಿ ಆರೋಗ್ಯ ಕೇಂದ್ರ ಇದೆ, ದೊಡ್ಡ ತೊಂದರೆಗೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್ ಆಸ್ಪತ್ರೆ.

ಹಂತ 10: ವಾಪಸ್

ಹೊರಡುವ ಹಿಂದಿನ ರಾತ್ರಿ ಎಲ್ಲ ಬ್ಯಾಗುಗಳನ್ನೂ ಹಾಸಿಗೆಯ ಮೇಲೆ ಸುರಿಯಿರಿ, ಮಕ್ಕಳ ಚಡ್ಡಿ ಜೇಬೂ ನೋಡಿ. ತೀರದಿಂದ ಹವಳ, ಚಿಪ್ಪು ತೆಗೆದುಕೊಂಡು ಹೋಗುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ತಪಾಸಣೆ ಆಗುತ್ತದೆ. ಮಕ್ಕಳು ಅಳಬಾರದು ಅಂದರೆ ಇದನ್ನು ಮೊದಲ ದಿನವೇ ಹೇಳಿ, ಆಯ್ದ ಚಿಪ್ಪನ್ನು ಪುಸ್ತಕದಲ್ಲಿ ಬಿಡಿಸಿಕೊಂಡು ಅಲ್ಲೇ ಬಿಟ್ಟುಬರುವ ಅಭ್ಯಾಸ ಮಾಡಿಸಿ. ಬಣ್ಣದ ಪೆನ್ಸಿಲ್ ತರಲು ಹೇಳಿದ್ದು ಅದಕ್ಕೇ.

ಚೆನ್ನೈ ಮೂಲಕ ಬರುವವರು ಮಧ್ಯಾಹ್ನ ಇಳಿಯುವ ವಿಮಾನ ಹಿಡಿದರೆ, ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್‌ಗೆ ಬೇಕಾದಷ್ಟು ಸಮಯ ಸಿಗುತ್ತದೆ. ರೈಲಿನ ಟಿಕೆಟ್ಟನ್ನು ವಿಮಾನದ ಟಿಕೆಟ್ ಜೊತೆಗೇ ಮಾಡಿಸಿಬಿಡಿ, ಏಪ್ರಿಲ್ ರಜೆಯಲ್ಲಿ ಸ್ಲೀಪರ್ ಬರ್ತ್ ಬೇಗ ಖಾಲಿಯಾಗುತ್ತದೆ. ಸೆಂಟ್ರಲ್‌ನಲ್ಲಿ ಮೊಸರನ್ನ ಕಟ್ಟಿಸಿಕೊಂಡು ಹತ್ತಿ.